ಸೆಕೆಂಡ್ ಹ್ಯಾಂಡ್ ಜೆಟ್ ಕೊಳ್ಳುವ ಮುಂಚೆ ಲಾಗ್‌ಬುಕ್ ಓದಿ

ಹೊಸ ಪೇಂಟು, ಮಿರಮಿರ ಮಿಂಚುವ ಲೆದರ್ ಸೀಟು ನೋಡಿ ಮನಸ್ಸು ಕೊಟ್ಟುಬಿಡಬೇಡಿ. ಹಳೇ ಜೆಟ್‌ನ ಬೆಲೆ ಇರುವುದು ಎಂಜಿನ್‌ನಲ್ಲಿ ಮತ್ತು ಲಾಗ್‌ಬುಕ್‌ನಲ್ಲಿ, ಅಂದರೆ ಹಾರಾಟ, ರಿಪೇರಿ ಎಲ್ಲ ಬರೆದಿಡುವ ಪುಸ್ತಕದಲ್ಲಿ.

ವಿಮಾನ ಕಂಪನಿ ಸೆಸ್ನಾದ ಮೊದಲ ಸೈಟೇಶನ್‌ಜೆಟ್, ಅಂದರೆ ಮಾಡೆಲ್ 525 ತಗೊಳ್ಳಿ. 1993ರಿಂದ ಮಾರಾಟಕ್ಕೆ ಬಂದ ವಿಮಾನ, ಒಬ್ಬರೇ ಪೈಲಟ್ ಹಾರಿಸಬಹುದು, ಹಾಗಾಗಿ ಅಮೆರಿಕದಲ್ಲಿ ಮೊದಲ ಜೆಟ್ ಕೊಳ್ಳುವವರ ಕಣ್ಣು ಇದರ ಮೇಲೆ ಬೀಳುತ್ತದೆ. ಇದರ ವಿಲಿಯಮ್ಸ್ ಎಫ್‌ಜೆ44-1ಎ ಎಂಜಿನ್‌ಗೆ 3,500 ಗಂಟೆಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಮಾಡುವುದು), ನಡುವೆ ಒಮ್ಮೆ ಹಾಟ್ ಸೆಕ್ಷನ್, ಅಂದರೆ ಇಂಧನ ಉರಿಯುವ ಬಿಸಿ ಭಾಗದ ತಪಾಸಣೆ. ವಿಮಾನ ಒಟ್ಟು ಎಷ್ಟು ಗಂಟೆ ಹಾರಿದೆ ಅಂತ ಮಾರುವವರು ಹೇಳುತ್ತಾರೆ. ನೀವು ಕೇಳಬೇಕಾದದ್ದು ಬೇರೆ: ಓವರ್‌ಹಾಲ್ ಆದಮೇಲೆ ಎಡಗಡೆ ಎಂಜಿನ್ ಎಷ್ಟು ಓಡಿದೆ, ಬಲಗಡೆಯದು ಎಷ್ಟು? 3,200 ಗಂಟೆ ಆಗಿದ್ದರೆ, ವರ್ಷಕ್ಕೆ 150 ಗಂಟೆ ಹಾರಿಸುವ ನಿಮ್ಮ ತಲೆಗೆ ಎರಡೇ ವರ್ಷದಲ್ಲಿ ಓವರ್‌ಹಾಲ್‌ನ ಬಿಲ್ ಬರುತ್ತದೆ, ಅದೂ ಎರಡು ಎಂಜಿನ್‌ಗೆ. ಮುಂದಿನ ರಿಪೇರಿಗೆಂದು ಎಂಜಿನ್ ಪ್ರೋಗ್ರಾಂನಲ್ಲಿ ಹಾರಿದ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಿದ್ದಾರೆ ಅಂದರೆ ಒಳ್ಳೆಯದೇ. ಆದರೆ ಬಾಕಿ ಇಲ್ಲ, ನಿಮ್ಮ ಹೆಸರಿಗೆ ವರ್ಗ ಆಗುತ್ತದೆ ಅಂತ ಆ ಕಂಪನಿಯಿಂದಲೇ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಕಡಿಮೆ ಹಾರಿದ ವಿಮಾನ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ವರ್ಷಗಟ್ಟಲೆ ಸುಮ್ನೆ ನಿಂತದ್ದಕ್ಕಿಂತ ವಾರವಾರ ಹಾರಿದ್ದನ್ನೇ ನಾನು ಆರಿಸುತ್ತೇನೆ. ನಿಂತಲ್ಲೇ ಸೀಲ್‌ಗಳು ಒಣಗುತ್ತವೆ, ತುಕ್ಕು ಶುರುವಾಗುತ್ತದೆ. ಅದಕ್ಕೇ ಲಾಗ್‌ಬುಕ್‌ನ ತಾರೀಖುಗಳನ್ನು ಮೊದಲ ಪುಟದಿಂದ ನೋಡಿ, ಎಲ್ಲಿ ದೊಡ್ಡ ಗ್ಯಾಪ್ ಇದೆಯೋ ಅಲ್ಲಿ ಏನಾಯಿತು ಅಂತ ಕೇಳಿ. ಒಂದು ಲಾಗ್‌ಬುಕ್ಕೇ ಕಳೆದುಹೋಗಿದ್ದರೆ ನಾನು ಮುಂದಕ್ಕೆ ಹೋಗುವುದಿಲ್ಲ.

ತಪಾಸಣೆಯನ್ನು ಆ ವಿಮಾನವನ್ನು ಇಷ್ಟು ದಿನ ನೋಡಿಕೊಂಡ ಶಾಪ್‌ಗೆ ಕೊಡಬೇಡಿ, ಬೇರೆಯವರಿಗೆ ಕೊಡಿ. ಬೋರೋಸ್ಕೋಪ್ (ಎಂಜಿನ್ ಒಳಗೆ ತೂರಿಸುವ ಸಣ್ಣ ಕ್ಯಾಮೆರಾ) ಹಾಕಿದಾಗ ನೀವೂ ಪಕ್ಕದಲ್ಲಿ ನಿಂತಿರಿ, ಟರ್ಬೈನ್ ಬ್ಲೇಡ್‌ಗಳ ಅಂಚಲ್ಲಿ ಸಣ್ಣ ಏಟು, ಸುಟ್ಟ ಕಲೆ ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುತ್ತವೆ. ಟಾಯ್ಲೆಟ್ ಕೆಳಗಿನ ಫ್ಲೋರ್ ಬಿಚ್ಚಿಸಲೇಬೇಕು. ವರ್ಷಾನುಗಟ್ಟಲೆ ಸೋರಿದ ನೀರು ಅಲ್ಯೂಮಿನಿಯಂ ತಿಂದು ಬಿಳೀ ಪುಡಿ ಮಾಡಿರುತ್ತದೆ, ಮೇಲಿನ ಕಾರ್ಪೆಟ್ ಮಾತ್ರ ಹೊಸದು! ವಿಂಡ್‌ಶೀಲ್ಡ್‌ನ ಮೂಲೆಗಳಲ್ಲಿ ಪದರ ಬಿಟ್ಟಿದೆಯಾ, ರೆಕ್ಕೆಯ ಕೆಳಗೆ ಇಂಧನದ ಕಲೆ ಇದೆಯಾ, ಇವೂ ನೋಡಿ.

ಆರ್‌ವಿಎಸ್‌ಎಂ ಮರೆಯಬೇಡಿ, ಅಂದರೆ ಮೇಲೆ-ಕೆಳಗೆ ಹಾರುವ ವಿಮಾನಗಳ ನಡುವೆ ಅಂತರ ಕಡಿಮೆ ಇರುವ ಕಡೆ ಹಾರುವ ಅರ್ಹತೆ. 29,000ದಿಂದ 41,000 ಅಡಿವರೆಗಿನ ಎತ್ತರಕ್ಕೆ ಅದು ಬೇಕು. ಇಲ್ಲದಿದ್ದರೆ ಕೆಳಗೇ ಹಾರಬೇಕು, ಅಲ್ಲಿ ಜೆಟ್ ಇಂಧನ ಜಾಸ್ತಿ ಕುಡಿಯುತ್ತದೆ, ದೂರಕ್ಕೆ ಹೋಗುವುದಿಲ್ಲ.

ಕಾಗದಪತ್ರ: ಅಮೆರಿಕದ ನೋಂದಣಿ ಇದ್ದರೆ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ (ಅಲ್ಲಿನ ಸರ್ಕಾರಿ ವಿಮಾನಯಾನ ಇಲಾಖೆ) ದಾಖಲೆಯಲ್ಲಿ ಸಾಲ, ಹಕ್ಕು ಏನಾದರೂ ಇದೆಯಾ ಹುಡುಕಿಸಿ. ದುಡ್ಡು ಎಸ್ಕ್ರೋದಲ್ಲಿಡಿ, ಅಂದರೆ ವ್ಯವಹಾರ ಮುಗಿಯುವ ತನಕ ಮೂರನೆಯವರ ಖಾತೆಯಲ್ಲಿ. ಭಾರತಕ್ಕೆ ತರುವ ಯೋಚನೆ ಇದ್ದರೆ, ಹಳೇ ವಿಮಾನದ ವಯಸ್ಸಿನ ಬಗ್ಗೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮವನ್ನು ಮುಂಗಡ ಕೊಡುವ ಮೊದಲೇ ಓದಿ.

ಕೊನೆಗೆ ಟೆಸ್ಟ್ ಫ್ಲೈಟ್. 41,000 ಅಡಿಗೆ ಹತ್ತಿಸಿ, ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ನಿಲ್ಲಬೇಕು. ಎರಡು ಎಂಜಿನ್‌ಗಳ ಉಷ್ಣತೆ ಹೋಲಿಸಿ ಬರೆದಿಟ್ಟುಕೊಳ್ಳಿ. ಇಳಿದ ತಕ್ಷಣ, ಯಾರಾದರೂ ಬಟ್ಟೆ ತಂದು ಒರೆಸುವ ಮುಂಚೆ, ಎಂಜಿನ್ ಕವರ್ ಕೆಳಗೆ ಬಗ್ಗಿ ಎಣ್ಣೆ ಹನಿ ಇದೆಯಾ ನೋಡಿ.