ಐಂಡ್‌ಹೋವನ್‌ನಲ್ಲಿ ಆಫರ್ ಬಂದ ಸಂಬಳ ಸಾಕಾಗುತ್ತಾ? ಲೆಕ್ಕ ಹಾಕೋದು ಹೀಗೆ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬೆಂಗಳೂರಿನಿಂದ ಹೊರಡುವ ಇಂಜಿನಿಯರ್‌ಗಳು ಕಮ್ಮಿಯೇನಲ್ಲ. ಚಿಪ್ ಮಾಡುವ ಯಂತ್ರಗಳ ಎಎಸ್‌ಎಂಎಲ್ ಕಂಪನಿ ಪಕ್ಕದ ವೆಲ್ಡ್‌ಹೋವನ್‌ನಲ್ಲೇ ಇದೆ. ಆಫರ್ ಲೆಟರ್ ಬಂದ ಕೂಡಲೇ ಎಲ್ಲರೂ ಯೂರೋವನ್ನು ರೂಪಾಯಿಗೆ ಗುಣಿಸಿ ಮನೆಮಂದಿಗೆಲ್ಲ ಹೇಳಿಬಿಡುತ್ತಾರೆ. ಅದನ್ನು ಬಿಡಿ. ಅಲ್ಲಿ ಬಾಡಿಗೆ, ಸೊಪ್ಪು, ಹಾಲು ಎಲ್ಲದಕ್ಕೂ ಯೂರೋನೇ ಕೊಡಬೇಕು, ಲೆಕ್ಕವೂ ಯೂರೋದಲ್ಲೇ ಇರಲಿ.

1. ವರ್ಷದ ಮೊತ್ತವನ್ನು ಬಿಡಿಸಿ

ಜನ ಎಡವೋದು ಇಲ್ಲೇ. ಉದಾಹರಣೆಗೆ ವರ್ಷಕ್ಕೆ 60,000 ಯೂರೋ ಅಂದರೆ ತಿಂಗಳಿಗೆ 5,000 ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಕನಿಷ್ಠ ಶೇ 8ರಷ್ಟು ರಜಾ ಭತ್ಯೆ ಕೊಡಬೇಕೆಂದು ಕಾನೂನಿದೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಒಟ್ಟಿಗೆ ಕೈಗೆ ಬರುತ್ತದೆ. ಅದು 60,000ದ ಒಳಗೇ ಸೇರಿದ್ದರೆ ತಿಂಗಳ ಸಂಬಳ ಸುಮಾರು 4,630 ಮಾತ್ರ, ಅದೂ ತೆರಿಗೆಗೆ ಮುಂಚೆ. ಒಳಗಾ, ಹೊರಗಾ ಅಂತ ಎಚ್‌ಆರ್‌ ಅವರನ್ನು ಇಮೇಲ್‌ನಲ್ಲೇ ಕೇಳಿ. ಫೋನಿನ ಮಾತು ಲೆಕ್ಕಕ್ಕಿಲ್ಲ.

ಇನ್ನು ಹೊರದೇಶದಿಂದ ಕರೆಸಿಕೊಂಡ ನೌಕರರಿಗೆ ಇರುವ ಶೇ 30ರ ತೆರಿಗೆ ವಿನಾಯಿತಿ. 60,000ಕ್ಕೆ 18,000 ತೆರಿಗೆಯಿಲ್ಲದೆ ಸಿಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಹಾಗಲ್ಲ. ವಿನಾಯಿತಿ ಕಳೆದ ಮೇಲೂ ತೆರಿಗೆ ಬೀಳುವ ಸಂಬಳ ಒಂದು ಮಿತಿಗಿಂತ ಕೆಳಗಿಳಿಯಬಾರದು. 2025ರಲ್ಲಿ ಆ ಮಿತಿ 46,660 ಯೂರೋ ಇತ್ತು. ಅಂದರೆ ಆ ವರ್ಷ 60,000ದವರಿಗೆ ತೆರಿಗೆಯಿಲ್ಲದೆ ಸಿಗುತ್ತಿದ್ದುದು 13,340 ಅಷ್ಟೇ. ವಯಸ್ಸು 30 ತುಂಬಿಲ್ಲ, ಸ್ನಾತಕೋತ್ತರ ಪದವಿ ಇದೆ ಅಂದರೆ 2025ರ ಮಿತಿ 35,468 ಇತ್ತು, ಆಗ ಪೂರ್ತಿ 18,000 ಸಿಗುತ್ತಿತ್ತು. ಮಿತಿ ಪ್ರತಿ ವರ್ಷ ಬದಲಾಗುತ್ತದೆ, ಹೊರಡುವ ವರ್ಷದ್ದನ್ನೇ ನೋಡಿ. 2024ರಿಂದ ಈಚೆಗೆ ವಿನಾಯಿತಿ ಪಡೆಯಲು ಶುರು ಮಾಡಿದವರಿಗೆ 2027ರಿಂದ ಶೇ 27. ಎಷ್ಟೇ ಆದರೂ ಐದು ವರ್ಷದ ಮೇಲೆ ನಿಲ್ಲುತ್ತದೆ, ಆದ್ದರಿಂದ ವಿನಾಯಿತಿ ಇಲ್ಲದ ಸಂಬಳದಲ್ಲೂ ಬದುಕು ನಡೆಯುತ್ತಾ ನೋಡಿಯೇ ಸಹಿ ಹಾಕಿ. ಆನ್‌ಲೈನ್ ಕ್ಯಾಲ್ಕುಲೇಟರ್‌ ಬಳಸುವುದಾದರೆ ಎರಡು ಸಲ ಲೆಕ್ಕ ಹಾಕಿ, ವಿನಾಯಿತಿಗೆ ಟಿಕ್ ಹಾಕಿ ಒಮ್ಮೆ, ತೆಗೆದು ಇನ್ನೊಮ್ಮೆ.

2. ಬಾಡಿಗೆಯನ್ನು ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕಿ

ಮನೆ ಮಾಲೀಕರು ಸಾಮಾನ್ಯವಾಗಿ ತೆರಿಗೆಗೆ ಮುಂಚಿನ ತಿಂಗಳ ಸಂಬಳ ಬಾಡಿಗೆಯ ಮೂರು ಪಟ್ಟಾದರೂ ಇರಬೇಕು ಅನ್ನುತ್ತಾರೆ, ಕೆಲವರು ನಾಲ್ಕು. 4,630ಕ್ಕೆ ಅಂದರೆ 1,500ರ ಆಸುಪಾಸೇ ಗರಿಷ್ಠ. ಜಾಹೀರಾತಿನಲ್ಲಿ ‘ಕಾಲ್’ (kaal, ಡಚ್ಚಿನಲ್ಲಿ ಬೋಳು ಎಂದರ್ಥ) ಎಂದಿದ್ದರೆ ಹುಷಾರು: ಎಷ್ಟೋ ಸಲ ನೆಲಕ್ಕೆ ಹಾಸೂ ಇರುವುದಿಲ್ಲ, ಬರೀ ಕಾಂಕ್ರೀಟ್. ಪರದೆ, ಲೈಟು ಎಲ್ಲ ನೀವೇ ತರಬೇಕು, ಬಿಡುವಾಗ ಹಾಸನ್ನು ಕಿತ್ತುಕೊಂಡು ಹೋಗಿ ಅಂತಲೂ ಹೇಳಬಹುದು. ಮೊದಲ ವರ್ಷ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪೀಠೋಪಕರಣ ಇರುವ ಮನೆಯನ್ನೇ ಹಿಡಿಯಿರಿ. ಠೇವಣಿ ಎರಡು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, 2023ರ ಜುಲೈಯಿಂದ ಇದು ಕಾನೂನು. ನಗರಸಭೆಯಲ್ಲಿ ಆ ಮನೆಯ ವಿಳಾಸಕ್ಕೆ ನಿಮ್ಮ ಹೆಸರು ನೋಂದಣಿ ಮಾಡಿಸಿಕೊಳ್ಳಬೇಡಿ ಅನ್ನುವ ಮಾಲೀಕರ ಮನೆ ಎಷ್ಟೇ ಅಗ್ಗ ಇರಲಿ, ಬೇಡ.

3. ಉಳಿದ ಖರ್ಚುಗಳನ್ನು ಕಳೆಯಿರಿ

ಕರೆಂಟು, ಗ್ಯಾಸು, ನೀರು, ಇಂಟರ್‌ನೆಟ್. ಕಸ ಮತ್ತು ನೀರು ಮಂಡಳಿಯ ತೆರಿಗೆ ಬಾಡಿಗೆದಾರರ ಹೆಸರಿಗೇ ಬರುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ. ಆರೋಗ್ಯ ವಿಮೆ ದೊಡ್ಡವರಿಗೆ ತಲಾ ಒಂದು, 18 ತುಂಬದ ಮಕ್ಕಳಿಗೆ ಪ್ರೀಮಿಯಂ ಇಲ್ಲ. ವಿಮೆ ಇದ್ದರೂ ಆಸ್ಪತ್ರೆಯ ಖರ್ಚಿನಲ್ಲಿ ವರ್ಷಕ್ಕೆ ಮೊದಲ 385 ಯೂರೋ ನಿಮ್ಮದೇ, ಫ್ಯಾಮಿಲಿ ಡಾಕ್ಟರ ಭೇಟಿ ಇದರಲ್ಲಿ ಸೇರಲ್ಲ.

ಪುಟ್ಟ ಮಗು ಇದ್ದರೆ ಶಿಶುಪಾಲನಾ ಕೇಂದ್ರದ ಶುಲ್ಕವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಒಮ್ಮೊಮ್ಮೆ ಅದು ಬಾಡಿಗೆಗೇ ಪೈಪೋಟಿ ಕೊಡುತ್ತದೆ. ಸರ್ಕಾರದ ಸಹಾಯಧನ ಬೇಕಾದರೆ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿರಬೇಕು, ಒಬ್ಬರೇ ದುಡಿದರೆ ಪೂರ್ತಿ ಶುಲ್ಕ ನಿಮ್ಮ ತಲೆಗೇ.

ಓಡಾಟಕ್ಕೆ ಹಳೇ ಸೈಕಲ್ ಸಾಕು. ಬೀಗ ಮಾತ್ರ ಅಗ್ಗದ್ದು ಬೇಡ, ಎರಡು ಹಾಕಿ.