ಅಂಜೂರ ಹಿಡಿಯುವ ಮೆತ್ತನೆ ಬೆರಳುಗಳು

ಅಂಜೂರದ ಹಂಗಾಮು ಶುರುವಾದರೆ ನಮ್ಮ ಅವ್ವನ ಬೆರಳ ತುದಿ ಸುಲಿಯುತ್ತದೆ. ಹಣ್ಣನ್ನು ಗಿಡದಿಂದ ತಿರುವಿ ಬಿಡಿಸಿದರೆ ತೊಟ್ಟಿನಲ್ಲಿ ಬಿಳಿ ಹಾಲು ಒಸರುತ್ತದೆ. ಆ ಹಾಲಿನಲ್ಲಿ ಪ್ರೋಟೀನ್ ಕರಗಿಸುವ ಫಿಸಿನ್ ಅನ್ನುವ ಕಿಣ್ವ ಇದೆ. ಹಾಲು ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರಂತೂ ಉರಿ ಇನ್ನೂ ಜಾಸ್ತಿ. ಕೈಗವಸು ಹಾಕಿಕೋ ಅಂದರೆ ಅವ್ವ ಒಪ್ಪುವುದಿಲ್ಲ. ಹಣ್ಣು ಎಷ್ಟು ಮಾಗಿದೆ ಅಂತ ಬೆರಳಿಗೆ ಗೊತ್ತಾಗಬೇಕು ಅನ್ನುತ್ತಾಳೆ. ಅದೂ ಸರಿಯೇ.

ಬಳ್ಳಾರಿ ಊರ ಹೊರಗೆ ನಮ್ಮದು ಎರಡೂವರೆ ಎಕರೆ ಅಂಜೂರ. ನಾನು ಊರಲ್ಲಿ ಲೇತ್ ಮತ್ತು ಮೋಟಾರ್ ರಿವೈಂಡಿಂಗ್ ಕೆಲಸ ಮಾಡುತ್ತೇನೆ. ಬಿಡಿಸುವ ಕೆಲಸ ಕೈಯಿಂದಲೇ ಆಗಲಿ, ಕ್ರೇಟಿನಿಂದ ಎತ್ತಿ ಪೆಟ್ಟಿಗೆಯಲ್ಲಿ ಜೋಡಿಸುವುದಾದರೂ ಮಿಷನ್ನಿಗೆ ಬಿಡೋಣ ಅಂತ ಹೊರಟೆ. ಹಣ್ಣು ಎತ್ತಿ ಇಡುವ ಚೌಕಟ್ಟು ಕಷ್ಟವಾಗಲಿಲ್ಲ. ಎರಡು ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್), ಒಂದು ಸ್ಕ್ರೂ, ಒಂದು ಬೆಲ್ಟ್, ಅಷ್ಟೇ. ಒಂದೂವರೆ ವರ್ಷ ತಿಂದಿದ್ದು ತುದಿಯಲ್ಲಿರುವ ಕೈ. ಅದರ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸರ್ವೋ ಮೋಟಾರ್ ಹಾಕಿ ಎರಡು ಪ್ಲಾಸ್ಟಿಕ್ ದವಡೆ ಮಾಡಿದೆ. ಒಳಗೆ ಸ್ಪಂಜು ಅಂಟಿಸಿದೆ. ಸರ್ವೋ ಮೋಟಾರಿಗೆ ನಾವು ಹೇಳುವುದು ಜಾಗ. ಇಷ್ಟು ಡಿಗ್ರಿಗೆ ಹೋಗಿ ನಿಲ್ಲು ಅನ್ನುತ್ತೇವೆ. ನಮ್ಮ ಹಣ್ಣುಗಳ ಅಡ್ಡಳತೆ 32 ಮಿ.ಮೀ.ನಿಂದ 55 ಮಿ.ಮೀ. ತನಕ ಇದೆ. 40 ಮಿ.ಮೀ.ಗೆ ಹೊಂದಿಸಿದರೆ 38ರ ಹಣ್ಣು ಜಾರುತ್ತದೆ, 43ರದ್ದು ಜಜ್ಜುತ್ತದೆ. ಗಟ್ಟಿ ದವಡೆಯಲ್ಲಿ ಅಳತೆ ಒಂದೆರಡು ಮಿ.ಮೀ. ತಪ್ಪಿದರೂ ಆ ತಪ್ಪೆಲ್ಲ ಬಲವಾಗಿ ಹಣ್ಣಿನ ಮೇಲೆ ಬೀಳುತ್ತದೆ. ಮೆತ್ತನೆಯ ಬೆರಳಾದರೆ ಅದೇ ತಪ್ಪನ್ನು ಬೆರಳೇ ಬಾಗಿ ನುಂಗಿಕೊಳ್ಳುತ್ತದೆ. ಇದು ತಲೆಗೆ ಹೋದ ಮೇಲೆ ಸೆನ್ಸರ್ ಹಾಕಿ ಪ್ರತಿ ಹಣ್ಣನ್ನೂ ಅಳೆಯುವ ಯೋಚನೆ ಬಿಟ್ಟೆ. ಅಳತೆ ಗೊತ್ತಿಲ್ಲದೆಯೂ ಹಿಡಿಯುವ ಕೈ ಬೇಕಿತ್ತು.

ಇದು ಹೊಸ ವಿಷಯವೇನಲ್ಲ. ಜಪಾನಿನ ಶಿಗೆಯೊ ಹಿರೋಸೆ 1978ರಲ್ಲೇ ತಂತಿ ಮತ್ತು ರಾಟೆಗಳಿಂದ ವಸ್ತುವಿನ ಆಕಾರಕ್ಕೆ ತಕ್ಕಂತೆ ಸುತ್ತಿಕೊಳ್ಳುವ ಗ್ರಿಪ್ಪರ್, ಅಂದರೆ ಹಿಡಿಯುವ ಕೈ ಮಾಡಿ ತೋರಿಸಿದ್ದರು. 2010ರಲ್ಲಿ ಶಿಕಾಗೋ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು ಕಾಫಿ ಪುಡಿ ತುಂಬಿದ ಬಲೂನಿನಿಂದ ಹಿಡಿಯುವುದನ್ನು ತೋರಿಸಿದರು. 2011ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಸಾಲು ಸಾಲು ಗಾಳಿ ಕೋಣೆಗಳಿರುವ ರಬ್ಬರ್ ಬೆರಳು ಮಾಡಿತು.

ಕಾಫಿ ಪುಡಿಯದ್ದು ಸುಲಭ ಅನ್ನಿಸಿ ಅದನ್ನೇ ಮೊದಲು ಮಾಡಿದೆ. ಬಲೂನಿಗೆ ಪುಡಿ ತುಂಬಿ, ವಸ್ತುವಿನ ಮೇಲೆ ಒತ್ತಿ, ಒಳಗಿನ ಗಾಳಿ ಎಳೆದರೆ ಪುಡಿ ಕಲ್ಲಿನಂತೆ ಬಿಗಿಯುತ್ತದೆ. ನಟ್ಟು, ಬೋಲ್ಟು, ಸ್ಪಾನರ್, ಬೀಗದ ಕೈ ಎಲ್ಲವನ್ನೂ ಎತ್ತಿತು. ತುಂಬಾ ಖುಷಿಯಾಯಿತು. ಆದರೆ ಹಿಡಿಯುವ ಮೊದಲು ಬಲೂನನ್ನು ವಸ್ತುವಿನ ಮೇಲೆ ಒತ್ತಲೇಬೇಕು. ಮಾಗಿದ ಅಂಜೂರವನ್ನು ಮೇಲಿಂದ ಒತ್ತಿದರೆ ಕೆಳಗಿನ ಕಣ್ಣು, ಅಂದರೆ ಹಣ್ಣಿನ ತುದಿಯ ಸಣ್ಣ ತೂತು, ಬಾಯಿ ಬಿಡುತ್ತದೆ. ಹಾಗಾಗಿ ಅದನ್ನು ಬದಿಗಿಟ್ಟು ಗಾಳಿ ಬೆರಳಿಗೆ ಬಂದೆ.

ಗಾಳಿ ಬೆರಳು ಹೇಗೆ ಬಾಗುತ್ತದೆ ಅನ್ನುವುದಕ್ಕೆ ಸೈಕಲ್ ಟ್ಯೂಬ್ ನೆನೆಸಿಕೊಳ್ಳಿ. ಟ್ಯೂಬಿನ ತುಂಡೊಂದರ ಒಂದು ಮಗ್ಗುಲಿಗೆ ಹಿಗ್ಗದ ಪಟ್ಟಿ ಅಂಟಿಸಿ ಗಾಳಿ ತುಂಬಿದರೆ, ಇನ್ನೊಂದು ಮಗ್ಗುಲು ಮಾತ್ರ ಉದ್ದವಾಗುತ್ತದೆ. ಆಗ ತುಂಡು ಪಟ್ಟಿಯ ಕಡೆಗೆ ಬಾಗಲೇಬೇಕು, ಅಲ್ವಾ? ನನ್ನ ಬೆರಳಿನ ಉದ್ದ 90 ಮಿ.ಮೀ., ಅಗಲ 20. ಬೆನ್ನಿನ ಮೇಲೆ 9 ಕೋಣೆ, ಕೋಣೆಯ ಗೋಡೆ 1.5 ಮಿ.ಮೀ. ದಪ್ಪ. ಹೊಟ್ಟೆಯ ಕಡೆ ಸಿಲಿಕೋನ್ ಒಳಗೆ ಹುದುಗಿಸಿದ ಬಟ್ಟೆ. ಅಚ್ಚನ್ನು 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಮಾಡಿಕೊಂಡೆ. ಸಿಲಿಕೋನ್ ಅಂದರೆ ಎರಡು ಡಬ್ಬಿಯ ದ್ರವಗಳನ್ನು ಕಲಸಿ ಬಿಟ್ಟರೆ ರಬ್ಬರಿನಂತೆ ಕಟ್ಟುವ ವಸ್ತು. ನಾನು ತಗೊಂಡಿದ್ದು ಶೋರ್ ಎ ಅನ್ನುವ ಗಟ್ಟಿತನದ ಅಳತೆಯಲ್ಲಿ 15ರದ್ದು, ಅಂದರೆ ಕಿವಿಯ ಹಾಲೆಗಿಂತ ಸ್ವಲ್ಪ ಬಿಗಿ. ಹಣ್ಣಿಗೆ ತಾಗುವಂಥದ್ದಾದ್ದರಿಂದ ಅಗ್ಗದ ಟಿನ್ ಕ್ಯೂರ್ (ತವರದ ಸಂಯುಕ್ತದಿಂದ ಗಟ್ಟಿಯಾಗುವುದು) ಬಿಟ್ಟು ಪ್ಲಾಟಿನಂ ಕ್ಯೂರ್ (ಪ್ಲಾಟಿನಂನಿಂದ ಗಟ್ಟಿಯಾಗುವುದು) ತರಿಸಿದೆ. ತಿನ್ನುವ ವಸ್ತು ಮುಟ್ಟುವ ಕಡೆ ಇಲ್ಲಿ ಕಾಸು ಉಳಿಸಬೇಡಿ.

ಬಟ್ಟೆಗೆ ಬಳ್ಳಾರಿಯಲ್ಲಿ ಬರವೇ? ಜೀನ್ಸ್ ಹೊಲಿಯುವ ಕಡೆ ಕೇಳಿದರೆ ಚೀಲಗಟ್ಟಲೆ ಕತ್ತರಿ ತುಂಡು ಸಿಗುತ್ತದೆ. ಕೌಲ್ ಬಜಾರ್ ಕಡೆಯಿಂದ ಒಂದು ಚೀಲ ತಂದೆ. ಮೊದಲನೆ ಬೆರಳು ಬಾಗುವ ಬದಲು ನೆಟ್ಟಗೆ ಉದ್ದವಾಗಿ ಹಾವಿನಂತೆ ಚಾಚಿಕೊಂಡಿತು. ಅರ್ಧ ದಿನ ಅಚ್ಚಿನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಉಳಿದ ಬಟ್ಟೆ ತುಂಡನ್ನು ಎಳೆದು ನೋಡಿದರೆ ಅದು ಸ್ಟ್ರೆಚ್ ಡೆನಿಮ್. ನೂಲಿನ ಜೊತೆ ಸ್ಪಾಂಡೆಕ್ಸ್ ಸೇರಿದ ಬಟ್ಟೆ. ಹಿಗ್ಗಬಾರದ ಕಡೆ ಹಿಗ್ಗುವ ಬಟ್ಟೆ ಹಾಕಿದ್ದೆ.

ಎರಡನೆಯದು ಇನ್ನೂ ವಿಚಿತ್ರ. ಈ ಸಲ ಹಿಗ್ಗದ ಕಪ್ಪು ಜೀನ್ಸ್ ತುಂಡು. ಮರುದಿನ ಅಚ್ಚು ಬಿಚ್ಚಿದರೆ ಬೆರಳಿನ ಮೇಲ್ಭಾಗ ಚೆನ್ನಾಗಿ ಕಟ್ಟಿದೆ, ಬಟ್ಟೆಗೆ ತಾಗಿದ ಪದರ ಮಾತ್ರ ಹಲಸಿನ ಮೇಣದಂತೆ ಅಂಟಂಟು. ಇನ್ನೊಂದು ದಿನ ಬಿಟ್ಟರೂ ಹಾಗೇ. ಪ್ಲಾಟಿನಂ ಕ್ಯೂರ್ ಸಿಲಿಕೋನಿಗೆ ಗಂಧಕ ಆಗಿಬರುವುದಿಲ್ಲ. ಸ್ವಲ್ಪವೇ ಗಂಧಕ ಇದ್ದರೂ ಪ್ಲಾಟಿನಂ ಕೆಲಸ ಮಾಡದೆ ನಿಂತುಬಿಡುತ್ತದೆ. ಕಪ್ಪು ಡೆನಿಮ್‌ಗೆ ಹಾಕುವುದು ಹೆಚ್ಚಾಗಿ ಸಲ್ಫರ್ ಬ್ಲ್ಯಾಕ್, ಅಂದರೆ ಗಂಧಕ ಇರುವ ಬಣ್ಣ. ಲೇಟೆಕ್ಸ್ ಕೈಗವಸು ಹಾಕಿಕೊಂಡು ಸಿಲಿಕೋನ್ ಕಲಸಬಾರದು ಅನ್ನುವುದೂ ಇದೇ ಕಾರಣಕ್ಕೆ, ನೈಟ್ರೈಲ್ ಕೈಗವಸೇ ಬೇಕು. ಅದನ್ನು ಓದಿದ್ದೆ, ಬಟ್ಟೆಯ ಬಣ್ಣ ಮಾತ್ರ ಹೊಳೆದಿರಲಿಲ್ಲ. ಕೊನೆಗೆ ಅದೇ ಚೀಲದಲ್ಲಿದ್ದ ಜೇಬಿನ ಒಳಬಟ್ಟೆ ಕೈಹಿಡಿಯಿತು. ಬಣ್ಣವಿಲ್ಲದ ಬಿಳಿ ಕಾಟನ್, ತೆಳು ನೇಯ್ಗೆ, ಹಿಗ್ಗುವುದಿಲ್ಲ. ಸಿಲಿಕೋನ್ ಅದರ ಕಣ್ಣುಗಳೊಳಗೆ ಇಳಿದು ಎರಡೂ ಕಡೆಯಿಂದ ಕಚ್ಚಿಕೊಳ್ಳುತ್ತದೆ. ಒಂದು ಸಲ ತೊಳೆದು ಗಂಜಿ ತೆಗೆದು, ಪೂರ್ತಿ ಒಣಗಿಸಿ ಹಾಕುತ್ತೇನೆ.

ನಮ್ಮೂರ ಬಿಸಿಲಿನದ್ದು ಬೇರೆ ಕಥೆ. ಡಬ್ಬಿಯ ಮೇಲೆ ಕಲಸಿದ ಮೇಲೆ 40 ನಿಮಿಷ ಟೈಮ್ ಇದೆ ಅಂತ ಬರೆದಿತ್ತು. ಅದು 25 ಡಿಗ್ರಿಯ ಲೆಕ್ಕ. ಏಪ್ರಿಲ್ ಮಧ್ಯಾಹ್ನ ನನ್ನ ಶೆಡ್ಡಿನಲ್ಲಿ 41 ಡಿಗ್ರಿ ಇತ್ತು. ಬಿಸಿ 10 ಡಿಗ್ರಿ ಏರಿದರೆ ಈ ಸಮಯ ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅಚ್ಚಿಗೆ ಸುರಿಯುವಷ್ಟರಲ್ಲಿ ಎಳೆ ಎಳೆ ಬರತೊಡಗಿತ್ತು, ಒಳಗೆಲ್ಲ ಗುಳ್ಳೆ. ಈಗ ಎರಡೂ ಡಬ್ಬಿಗಳನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಐದೂವರೆಗೆ ಕಲಸುತ್ತೇನೆ. ಹೊರಗಿನ ತೇವ ಕೂತ ಡಬ್ಬಿಯನ್ನು ಒರೆಸಿಯೇ ಮುಚ್ಚಳ ತೆಗೆಯಬೇಕು.

ಗುಳ್ಳೆ ತೆಗೆಯಲು ಗುಜರಿಯ ಫ್ರಿಜ್ ಕಂಪ್ರೆಸರ್ ಒಂದನ್ನು ವ್ಯಾಕ್ಯೂಮ್ ಪಂಪ್ ಮಾಡಿಕೊಂಡಿದ್ದೇನೆ. ದಪ್ಪ ಸ್ಟೀಲ್ ಪಾತ್ರೆ, ಮೇಲೆ 15 ಮಿ.ಮೀ. ಅಕ್ರಿಲಿಕ್ ಹಲಗೆ, ನಡುವೆ ಸಿಲಿಕೋನಿನದೇ ಗ್ಯಾಸ್ಕೆಟ್. ತೆಳು ಗಾಜಿನ ಮುಚ್ಚಳ ಖಂಡಿತ ಬೇಡ, ಹೊರಗಿನ ಗಾಳಿಯ ಒತ್ತಡಕ್ಕೆ ಒಳಕ್ಕೆ ಒಡೆದು ಚೂರು ಸಿಡಿಯುತ್ತದೆ. ಗಾಳಿ ಎಳೆಯುತ್ತಿದ್ದಂತೆ ಸಿಲಿಕೋನ್ ಕಾಯುವ ಹಾಲಿನಂತೆ ಉಕ್ಕುತ್ತದೆ. ಲೋಟದ ಕಾಲು ಭಾಗಕ್ಕಿಂತ ಹೆಚ್ಚು ಹಾಕಬಾರದು. ಉಕ್ಕಿ, ಕುಸಿದು, ಮೇಲೆ ಸಣ್ಣ ಗುಳ್ಳೆಗಳಷ್ಟೇ ಬರುವಾಗ ನಿಲ್ಲಿಸುತ್ತೇನೆ.

ಕೋಣೆಗಳ ಭಾಗವನ್ನು ಹೊಟ್ಟೆಯ ಭಾಗಕ್ಕೆ ಕೂರಿಸುವಾಗ ಅಂಟು ಅಂದರೆ ಮತ್ತೆ ಸಿಲಿಕೋನೇ. ಬೇರೆ ಯಾವ ಅಂಟೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಪದರ ಜಾಸ್ತಿಯಾದರೆ ಕೋಣೆಗಳ ನಡುವಿನ ಗಾಳಿ ದಾರಿ ಮುಚ್ಚುತ್ತದೆ, ಕಡಿಮೆಯಾದರೆ ಸೋರುತ್ತದೆ. ಸುರಿದ ಪದರ ಬೆರಳಿಗೆ ಅಂಟಿದರೂ ಹರಿಯದಂಥ ಹದ ಬರುವ ತನಕ ಕಾದು ಕೂರಿಸುವುದನ್ನು ಕಲಿತೆ. ಸೋರಿಕೆ ನೋಡುವುದು ಪಂಕ್ಚರ್ ಅಂಗಡಿಯಂತೆಯೇ, ಬಕೆಟ್ ನೀರಿನಲ್ಲಿ ಮುಳುಗಿಸಿ.

ಮೊದಮೊದಲು ಗಾಳಿ ತುಂಬಿದ್ದು ಬಿಪಿ ನೋಡುವ ಉಪಕರಣದ ರಬ್ಬರ್ ಬುಗ್ಗೆಯಿಂದ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬುಗ್ಗೆ, ಬಿಡುವ ತಿರುಪು, ಮೀಟರ್ ಮೂರೂ ಒಟ್ಟಿಗೆ ಸಿಗುತ್ತವೆ. ಮೀಟರ್ 300 ಮಿ.ಮೀ. ಪಾದರಸದ ತನಕ ಇದೆ, ಒತ್ತಡದ ಇನ್ನೊಂದು ಅಳತೆಯಲ್ಲಿ 40 ಕಿಲೋಪಾಸ್ಕಲ್. ನನ್ನ ಬೆರಳು 200ಕ್ಕೆ ಬಂದಾಗ ಪೂರ್ತಿ ಸುರುಳಿಯಾಗುತ್ತದೆ. ಮಿಷನ್ನಿಗೆ ಹಾಕುವಾಗ 12 ವೋಲ್ಟಿನ ಚಿಕ್ಕ ಡಯಾಫ್ರಮ್ ಪಂಪ್, ಎರಡು ತ್ರೀವೇ ವಾಲ್ವ್, ಆರ್ಡುಯಿನೊ ಊನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಒತ್ತಡ ಅಳೆಯುವ ಎಂಪಿಎಕ್ಸ್ 5050 ಸೆನ್ಸರ್ ಹಾಕಿದೆ. ಈ ಸೆನ್ಸರ್ ಒಂದು ಕಿಲೋಪಾಸ್ಕಲ್‌ಗೆ 90 ಮಿಲಿವೋಲ್ಟ್ ಕೊಡುತ್ತದೆ, ಆರ್ಡುಯಿನೊಗೆ ಓದಲು ಧಾರಾಳ. ವಾಲ್ವಿನ ಕಾಯಿಲ್‌ಗೆ ಅಡ್ಡ ಡಯೋಡ್ ಹಾಕುವುದನ್ನು ಮರೆಯಬೇಡಿ.

ಮೂರು ಬೆರಳನ್ನು ವೃತ್ತದಲ್ಲಿ ಕೂರಿಸಿ ಹಣ್ಣು ಹಿಡಿಸಿದ ದಿನ ಎಲ್ಲ ಮುಗಿಯಿತು ಅಂದುಕೊಂಡೆ. ಹಿಡಿದ ಹಣ್ಣುಗಳನ್ನು ರಾತ್ರಿ ತಟ್ಟೆಯಲ್ಲಿಟ್ಟು ಬೆಳಗ್ಗೆ ನೋಡಿದೆ. ಅಂಜೂರದ ಪೆಟ್ಟು ಕೂಡಲೇ ಕಾಣುವುದಿಲ್ಲ, ಮರುದಿನ ಕಂದುತ್ತದೆ. ಸಣ್ಣ ಹಣ್ಣುಗಳು ಚೆನ್ನಾಗಿದ್ದವು. ದೊಡ್ಡ ಹಣ್ಣುಗಳ ಮೇಲೆ ಮೂರು ಮೂರು ಕಂದು ಗುರುತು.

ಮೆತ್ತನೆ ಬೆರಳು ಎಲ್ಲ ಗಾತ್ರವನ್ನೂ ತಾನೇ ನೋಡಿಕೊಳ್ಳುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಬೆರಳುಗಳ ನಡುವಿನ ಜಾಗ 70 ಮಿ.ಮೀ. ಇಟ್ಟಿದ್ದೆ. 32ರ ಹಣ್ಣನ್ನು ಮುಟ್ಟಲು ಬೆರಳು ತುಂಬಾ ಬಾಗಬೇಕು. ಗಾಳಿಯ ಬಲ ಬಹುಪಾಲು ಬೆರಳನ್ನು ಬಾಗಿಸುವುದಕ್ಕೇ ಖರ್ಚಾಗಿ, ಹಣ್ಣಿನ ಮೇಲೆ ಸ್ವಲ್ಪವೇ ಬೀಳುತ್ತದೆ. 55ರ ಹಣ್ಣಾದರೆ ಬೆರಳು ಸ್ವಲ್ಪ ಬಾಗುತ್ತಲೇ ತಡೆ ಸಿಗುತ್ತದೆ. ಉಳಿದ ಒತ್ತಡವೆಲ್ಲ ಹಣ್ಣಿಗೆ. ನಮ್ಮ ತೋಟದಲ್ಲಿ ದೊಡ್ಡ ಹಣ್ಣೇ ಹೆಚ್ಚು ಮಾಗಿದ್ದು, ಹೆಚ್ಚು ಮೆತ್ತಗಿನದು. ಅಂದರೆ ಯಾವುದನ್ನು ಮೆಲ್ಲಗೆ ಹಿಡಿಯಬೇಕೋ ಅದನ್ನೇ ಬಿಗಿಯಾಗಿ ಹಿಡಿಯುತ್ತಿದ್ದೆ.

ಹಣ್ಣು ತಾಗಿದ ಕೂಡಲೇ ಒತ್ತಡ ಏರುವ ವೇಗ ಬದಲಾಗುತ್ತದೆ, ಅದನ್ನು ಓದಿ ನಿಲ್ಲಿಸೋಣ ಅಂತ ಎರಡು ತಿಂಗಳು ಕೂತೆ. ಪಂಪಿನ ನಡುಕದಲ್ಲಿ ಆ ಬದಲಾವಣೆ ಮುಳುಗಿ ಹೋಗುತ್ತಿತ್ತು. ದಾರಿ ತೋರಿಸಿದ್ದು ಅವ್ವನ ಕೈ. ಅವಳು ಹಣ್ಣು ಎತ್ತುವಾಗ ಗಮನಿಸಿದೆ. ಬೆರಳುಗಳನ್ನು ಮೊದಲು ಬೇಕಾದ್ದಕ್ಕಿಂತ ಅಗಲ ಮಾಡುತ್ತಾಳೆ, ಆಮೇಲೆ ಸುಮ್ನೆ ಸಡಿಲ ಬಿಡುತ್ತಾಳೆ. ಬೆರಳು ತಾನಾಗಿ ಬಂದು ಹಣ್ಣಿಗೆ ಒರಗುತ್ತದೆ. ಹಿಸುಕುವುದೇ ಇಲ್ಲ. ಭಾರವೆಲ್ಲ ಕೆಳಗೆ ಹೋದ ಬೆರಳ ತುದಿಯ ಮೇಲೆ.

ಅದನ್ನೇ ಮಾಡಿದೆ. ಬೆರಳುಗಳನ್ನು ಹತ್ತಿರ ತಂದು ನಡುವಿನ ಜಾಗ 40 ಮಿ.ಮೀ.ಗೆ ಇಳಿಸಿದೆ. ಪಂಪ್ ಊದುವುದಷ್ಟೇ ಅಲ್ಲ, ಇನ್ನೊಂದು ಬಾಯಿಂದ ಎಳೆಯುತ್ತದೆ ಕೂಡ. ಗಾಳಿ ಎಳೆದರೆ ಕೋಣೆಗಳು ಕುಗ್ಗಿ ಬೆರಳು ಹಿಮ್ಮುಖ ಬಾಗುತ್ತದೆ, ತುದಿಗಳ ನಡುವೆ 70 ಮಿ.ಮೀ. ತೆರೆಯುತ್ತದೆ. ಹಾಗೆ ತೆರೆದು ಹಣ್ಣಿನ ಮೇಲೆ ಇಳಿದು, ಗಾಳಿ ಒಳಗೆ ಬಿಟ್ಟರೆ ದೊಡ್ಡ ಹಣ್ಣಿಗೆ ಬೆರಳು ತನ್ನ ಸ್ವಂತ ಬಿಗಿಯಿಂದಲೇ ಒರಗಿರುತ್ತದೆ. ಆಮೇಲೆ ಮೀಟರಿನ 100ರ ತನಕ ಮಾತ್ರ ಊದುತ್ತೇನೆ, 13 ಕಿಲೋಪಾಸ್ಕಲ್ ಚಿಲ್ಲರೆ. ತುದಿ ಹಣ್ಣಿನ ಅಡಿಗೆ ಸುತ್ತಿಕೊಳ್ಳಲು ಅಷ್ಟು ಸಾಕು. 50 ಗ್ರಾಂ ಹಣ್ಣಿನ ಭಾರ ಅರ್ಧ ನ್ಯೂಟನ್ ಅಷ್ಟೇ. ಈ ಸೆನ್ಸರ್ ಸೊನ್ನೆಗಿಂತ ಕೆಳಗೆ ಓದುವುದಿಲ್ಲ, ಹಾಗಾಗಿ ಎಳೆಯುವುದನ್ನು ಅರ್ಧ ಸೆಕೆಂಡ್ ಅಂತ ಸಮಯದ ಲೆಕ್ಕದಲ್ಲಿ ಇಟ್ಟಿದ್ದೇನೆ. ಮರುದಿನ ಬೆಳಗ್ಗೆ ತಟ್ಟೆಯಲ್ಲಿ 24 ಹಣ್ಣು ಇದ್ದವು. ಒಂದೊಂದನ್ನೂ ಬೆಳಕಿಗೆ ತಿರುಗಿಸಿ ನೋಡಿದೆ. ಎರಡರ ಮೇಲೆ ಮಾತ್ರ ತೆಳು ಗುರುತಿತ್ತು. ಅವು ಗಿಡದಲ್ಲೇ ಬಿರಿಯಲು ಶುರುವಾಗಿದ್ದವು.

ಅದೇ ಕೈಗೆ ಮೊಟ್ಟೆ, ನಿಂಬೆಹಣ್ಣು, ಈರುಳ್ಳಿ ಕೊಟ್ಟೆ, ಎಲ್ಲ ಎತ್ತಿತು. ಕೊಪ್ಪಳದ ಕಡೆಯಿಂದ ಬಂದ ದಾಳಿಂಬೆ ಮಾತ್ರ ಜಾರಿತು. ಅದು ಭಾರ, ಸಿಪ್ಪೆ ನುಣುಪು. ಹೊಟ್ಟೆಯ ಕಡೆ 1 ಮಿ.ಮೀ. ಗೆರೆಗಳಿರುವ ಅಚ್ಚು ಹಾಕಿದ ಮೇಲೆ ಸುಧಾರಿಸಿದೆ.

ನಮ್ಮ ಕಡೆಯ ಕೆಂಪು ಧೂಳಿನ ಬಗ್ಗೆಯೂ ಹೇಳಬೇಕು. ಸಿಲಿಕೋನ್ ಧೂಳನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಪೌಡರ್ ಹಚ್ಚಿದಂತಾಗಿ ಹಿಡಿತ ತಪ್ಪುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೊದಲಿನಂತೆ. ಅಂಜೂರದ ಹಾಲೂ ಅದರಲ್ಲೇ ಹೋಗುತ್ತದೆ. ಅವ್ವ ಈಗ ಕ್ರೇಟ್ ಮುಂದೆ ಕೂತು ಮಿಷನ್ನಿಗೆ ಹಣ್ಣು ತಿರುಗಿಸಿಡುವುದು ಮತ್ತು ಬಿರಿದದ್ದನ್ನು ಆರಿಸುವುದು ಮಾಡುತ್ತಾಳೆ. ಅವಳಷ್ಟು ಬೇಗ ಮಿಷನ್ ಮಾಡುವುದಿಲ್ಲ. ಆದರೆ ಹೋದ ಹಂಗಾಮಿನಲ್ಲಿ ಅವಳ ಬಲಗೈ ತೋರುಬೆರಳು ಸುಲಿಯಲಿಲ್ಲ.

ಆರ್ಡುಯಿನೊ ಪ್ರತಿ ಹಿಡಿತವನ್ನೂ ಎಣಿಸುತ್ತದೆ. ಮೊದಲ ಬೆರಳು 6,400 ಚಿಲ್ಲರೆ ಆದಾಗ ಬುಡದ ಕೋಣೆಯ ಮೂಲೆಯಲ್ಲಿ ಸೀಳಿತು. ಉಳಿದ ಎರಡೂ ಅದೇ ಜಾಗದಲ್ಲಿ ಬೆಳ್ಳಗಾಗುತ್ತಿವೆ. ಬುಡದ ಗೋಡೆಯನ್ನು 2.5 ಮಿ.ಮೀ. ಮಾಡಿ, ಮೂಲೆಗಳನ್ನು ದುಂಡಗೆ ತಿದ್ದಿ ಹೊಸ ಅಚ್ಚು ಪ್ರಿಂಟ್‌ಗೆ ಹಾಕಿದ್ದೇನೆ. ಸಿಲಿಕೋನ್ ಡಬ್ಬಿಗಳು ಫ್ರಿಜ್ಜಿನಲ್ಲಿವೆ.