ಬಿಚ್ಚಲು ಬರುವಂತೆ ಅಂಟಿಸುವುದು: ಟೇಬಲ್ ಟೆನಿಸ್ ಬ್ಯಾಟಿನೊಡನೆ ನನ್ನ ಅನುಭವ

ನನ್ನ ಮೊದಲ ಒಳ್ಳೆಯ ಬ್ಲೇಡು, ಅಂದರೆ ಬ್ಯಾಟಿನ ಮರದ ಭಾಗ, ಹಾಳಾದದ್ದು ಅಂಟಿನಿಂದ. ಐದು ಪದರಗಳ ಆ ಮರದ ಬ್ಲೇಡಿಗೆ ರಬ್ಬರು (ಅಡಿಯಲ್ಲಿ ಸ್ಪಾಂಜು ಇರುವ ರಬ್ಬರ್ ಹಾಳೆ) ಹಾಕಬೇಕಾದಾಗ, ಮನೆಯ ಕಪಾಟು ಮಾಡಲು ಬಂದಿದ್ದ ಬಡಗಿ ಬಿಟ್ಟುಹೋಗಿದ್ದ ಬಿಳಿ ಅಂಟಿನ ಡಬ್ಬಿ ಕಣ್ಣಿಗೆ ಬಿತ್ತು. ಮರಕ್ಕೆ ಮರವನ್ನೇ ಹಿಡಿಸುವ ಅಂಟು ರಬ್ಬರನ್ನು ಹಿಡಿಯದೆ ಇದ್ದೀತೇ ಎಂದುಕೊಂಡು ಧಾರಾಳವಾಗಿ ಬಳಿದೆ. ಅದು ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಏಳು ತಿಂಗಳ ನಂತರ ಸವೆದ ರಬ್ಬರನ್ನು ಬಿಚ್ಚಲು ಹೋದಾಗ ಅರ್ಧ ಸ್ಪಾಂಜು ಬ್ಲೇಡಿನ ಮೇಲೆಯೇ ಉಳಿಯಿತು. ಇನ್ನರ್ಧ ಭಾಗದಲ್ಲಿ ಮರದ ಮೇಲ್ಪದರವೇ ಸಿಬಿರು ಸಿಬಿರಾಗಿ ಎದ್ದು ರಬ್ಬರಿನ ಜೊತೆಗೆ ಬಂದುಬಿಟ್ಟಿತು. ವಾರಕ್ಕೆ ನಾಲ್ಕೈದು ದಿನ ಆಡುವವನು ವರ್ಷಕ್ಕೆ ಎರಡು ಮೂರು ಸಲವಾದರೂ ರಬ್ಬರು ಬದಲಿಸಬೇಕಾಗುತ್ತದೆ, ಬ್ಲೇಡು ಮಾತ್ರ ಹತ್ತಾರು ವರ್ಷ ಬಾಳುತ್ತದೆ. ಹಾಗಾಗಿ ಅಂದಿನಿಂದ ಯಾವುದೇ ಅಂಟನ್ನು ನೋಡಿದರೂ, ಅದು ಹೇಗೆ ಹಿಡಿಯುತ್ತದೆ ಎಂಬುದಕ್ಕಿಂತ ಮೊದಲು ಹೇಗೆ ಬಿಡುತ್ತದೆ ಎಂದು ಕೇಳಿಕೊಳ್ಳುವುದು ನನಗೆ ರೂಢಿಯಾಗಿದೆ.

ಎರಡನೆಯ ಪ್ರಯೋಗ ಸೈಕಲ್ ಪಂಕ್ಚರ್ ಸೊಲ್ಯೂಷನ್ನಿನದು. ನಾನು ಆಡಲು ಕಲಿತ ಕಾಲದಲ್ಲಿ ಹಿರಿಯ ಆಟಗಾರರಲ್ಲಿ ಹಲವರು ಅದನ್ನೇ ಬಳಸುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ಅದರಲ್ಲಿರುವ ದ್ರಾವಕ ಸ್ಪಾಂಜಿನ ರಂಧ್ರಗಳೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ. ಉಬ್ಬಿದ ಸ್ಪಾಂಜು ಮೇಲಿನ ರಬ್ಬರ್ ಹಾಳೆಯನ್ನು ಬಿಗಿಯಾಗಿ ಎಳೆದು ಹಿಡಿಯುವುದರಿಂದ ಚೆಂಡಿನ ವೇಗವೂ ಸ್ಪಿನ್ನೂ ಹೆಚ್ಚುತ್ತವೆ, ಹೊಡೆತದ ಸದ್ದು ಕೂಡ ಬದಲಾಗುತ್ತದೆ. 1970ರ ದಶಕದಲ್ಲಿ ಯುರೋಪಿನ ಆಟಗಾರರು ಈ ಗುಟ್ಟನ್ನು ಕಂಡುಕೊಂಡರು. ಹಂಗೇರಿಯ ಟಿಬೋರ್ ಕ್ಲಾಂಪಾರ್ ಮತ್ತು ಯುಗೋಸ್ಲಾವಿಯದ ದ್ರಾಗುತಿನ್ ಶುರ್ಬೆಕ್ ಅವರ ಹೆಸರುಗಳು ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತವೆ. ಮುಂದೆ ಇದು ಸ್ಪೀಡ್ ಗ್ಲೂ ಎಂಬ ಹೆಸರಿನ ದೊಡ್ಡ ವ್ಯಾಪಾರವೇ ಆಯಿತು. ದ್ರಾವಕ ಆರಿದಂತೆ ಗುಣವೂ ಇಳಿಯುತ್ತಿದ್ದುದರಿಂದ ಪಂದ್ಯಕ್ಕೊಮ್ಮೆ ಬಿಚ್ಚಿ ಮತ್ತೆ ಅಂಟಿಸಬೇಕಾಗಿತ್ತು. ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಈ ಕೆಲಸಕ್ಕೆ ಕುಳಿತರೆ ಎಂಥ ತಲೆನೋವು ಬರುತ್ತದೆ ಎಂಬುದನ್ನು ನಾನು ಅನುಭವಿಸಿ ಬಲ್ಲೆ. ಬೀಜಿಂಗ್ ಒಲಿಂಪಿಕ್ಸ್ ಮುಗಿದ ಮೇಲೆ, 2008ರ ಸೆಪ್ಟೆಂಬರ್ 1ರಿಂದ, ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ ಇಂಥ ಆವಿಯಾಗುವ ದ್ರಾವಕವುಳ್ಳ ಅಂಟುಗಳನ್ನು ನಿಷೇಧಿಸಿತು. ಪಂದ್ಯಗಳಲ್ಲಿ ಬ್ಯಾಟನ್ನು ಯಂತ್ರದಲ್ಲಿಟ್ಟು ಪರೀಕ್ಷಿಸುವ ಪದ್ಧತಿಯೂ ಇದೆ. ಮನೆಯ ಆಟಕ್ಕೆ ಯಾರೂ ಪರೀಕ್ಷಿಸುವುದಿಲ್ಲವಾದರೂ ನಾನು ಆ ಟ್ಯೂಬನ್ನು ಸೈಕಲ್ಲಿಗೇ ಬಿಟ್ಟುಕೊಟ್ಟಿದ್ದೇನೆ.

ಈಗ ಉಳಿದಿರುವುದು ನೀರು ಬೆರೆತ ಅಂಟು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಇಂಥ ಅಂಟುಗಳಲ್ಲಿ ಬಹುಪಾಲಿನವುಗಳ ಜೀವಾಳ ನೈಸರ್ಗಿಕ ಲ್ಯಾಟೆಕ್ಸ್, ಅಂದರೆ ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರುಗಳ ಕಡೆ ರಬ್ಬರ್ ತೋಟ ಇದ್ದವರಿಗೆ ಇದರ ಸ್ವಭಾವ ಹೇಳಿಕೊಡಬೇಕಾಗಿಲ್ಲ. ನಾನು ಮಾತ್ರ ಜಾಣತನ ತೋರಿಸಲು ಹೋಗಿ, ಸುಳ್ಯದ ಬಳಿ ತೋಟವಿರುವ ನನ್ನ ಸೋದರಮಾವನಿಂದ ಒಂದು ಬಾಟಲಿ ಹಸಿ ಹಾಲು ತಂದೆ. ‘ಅಮೋನಿಯಾ ಹಾಕದಿದ್ದರೆ ಇದು ಸಂಜೆಯೊಳಗೆ ಹೆಪ್ಪಾಗ್ತದೆ ಮಾರಾಯ’ ಎಂದು ಮಾವ ಎಚ್ಚರಿಸಿದ್ದರು. ಮಂಗಳೂರಿನ ಮನೆಗೆ ತಲುಪುವಷ್ಟರಲ್ಲಿ ಬಾಟಲಿಯಲ್ಲಿ ಗಟ್ಟಿ ಮೊಸರಿನಂಥ ಮುದ್ದೆಯೂ ಹಳಸಿದ ವಾಸನೆಯೂ ಇದ್ದವು. ಅಂಗಡಿಯ ಅಂಟಿನ ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುವ ಘಾಟು ಈ ಅಮೋನಿಯಾದ್ದೇ. ಹಾಲು ಹೆಪ್ಪಾಗದಂತೆ ಅದು ಕಾಯುತ್ತದೆ. ಬಾಟಲಿಯನ್ನು ತೆರೆದಿಟ್ಟರೆ ಅಮೋನಿಯಾ ಹಾರಿಹೋಗಿ ಒಳಗೆ ಗಂಟುಗಳಾಗುತ್ತವೆ. ಆದುದರಿಂದ ಬೇಕಾದಷ್ಟನ್ನು ರಬ್ಬರಿನ ಮೇಲೆ ಸುರಿದುಕೊಂಡ ತಕ್ಷಣ ಮುಚ್ಚಳ ಹಾಕುತ್ತೇನೆ, ದೊಡ್ಡ ಬಾಟಲಿಯನ್ನು ಕೊಳ್ಳುವುದೂ ಇಲ್ಲ.

ಬಟರ್‌ಫ್ಲೈ ಕಂಪನಿಯ ಫ್ರೀ ಚಾಕ್ ನಾನು ಹೆಚ್ಚಾಗಿ ಬಳಸಿರುವ ಅಂಟು. ತೆಳ್ಳಗಿರುವುದರಿಂದ ಬೇಗ ಹರಡುತ್ತದೆ. ದಪ್ಪ ಅಂಟುಗಳನ್ನೂ ಬಳಸಿದ್ದೇನೆ. ಅವು ಒಣಗಿದ ಮೇಲೆ ಒಂದೇ ಹಾಳೆಯಾಗಿ ಸುಲಿದು ಬರುತ್ತವೆ, ಆದರೆ ಬಳಿಯುವಾಗ ಕೈ ನಿಧಾನವಾದರೆ ಅಲ್ಲಲ್ಲೇ ಮುದ್ದೆಗಟ್ಟುತ್ತವೆ. ನನ್ನ ಲೆಕ್ಕದಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಸ್ಪಾಂಜು. ಟೆನರ್ಜಿ ಎಂಬ ರಬ್ಬರಿನಲ್ಲಿರುವಂಥ ದೊಡ್ಡ ರಂಧ್ರಗಳ ಸ್ಪಾಂಜು ಮೊದಲ ಪದರವನ್ನು ಕುಡಿದೇ ಬಿಡುತ್ತದೆ, ಅದಕ್ಕೆ ಎರಡನೆಯ ಪದರ ಅನಿವಾರ್ಯ. ಹರಿಕೇನ್‌ನಂಥ ಗಟ್ಟಿಯಾದ ಚೀನೀ ಸ್ಪಾಂಜಿಗೆ ಅಷ್ಟು ದಾಹವಿಲ್ಲ, ಆದರೆ ತೇವ ತಾಗಿದೊಡನೆ ಅಂಚುಗಳು ಸುರುಳಿಯಾಗತೊಡಗುತ್ತವೆ. ಪೂರ್ತಿ ಒಣಗಿ ಅದು ಮತ್ತೆ ಚಪ್ಪಟೆಯಾಗುವವರೆಗೆ ನಾನು ಕೈ ಹಚ್ಚುವುದಿಲ್ಲ. ಎಷ್ಟು ಪದರ ಬೇಕಾದರೂ ಬಳಿಯಬಹುದೆಂದಲ್ಲ. ಸ್ಪಾಂಜುಳ್ಳ ರಬ್ಬರಿನ ದಪ್ಪ, ಅಂಟೂ ಸೇರಿ, 4 ಮಿಲಿಮೀಟರ್ ಮೀರಬಾರದೆಂಬುದು ನಿಯಮ. ತೂಕದ ವಿಚಾರವೂ ಇದೆ: ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ಎರಡೂ ಬದಿಯ ಅಂಟು ಸೇರಿ ನಾಲ್ಕೈದು ಗ್ರಾಂ ಹೆಚ್ಚು ತೋರಿಸುತ್ತದೆ, ತಲೆಭಾರದ ಬ್ಯಾಟಿನಲ್ಲಿ ಅಷ್ಟೂ ಮಣಿಕಟ್ಟಿಗೆ ತಿಳಿಯುತ್ತದೆ.

ಹೊಸ ಬ್ಲೇಡಾದರೆ ಅಂಟಿಗೆ ಮೊದಲು ನೀರು ಬೆರೆತ ವಾರ್ನಿಷನ್ನು ಬಟ್ಟೆಯಲ್ಲಿ ಅದ್ದಿ ಒಂದೇ ಒಂದು ತೆಳುವಾದ ಪದರ ಒರೆಸಿ, ಒಂದು ದಿನ ಒಣಗಲು ಬಿಡುತ್ತೇನೆ. ಮೃದು ಮರದ ಎಳೆಗಳು ಏಳದಿರಲು ಇಷ್ಟು ಸಾಕು. ಹೆಚ್ಚು ಬಳಿದರೆ ಬ್ಲೇಡಿನ ಸ್ಪರ್ಶವೇ ಬೇರೆಯಾಗುತ್ತದೆ. ಆಮೇಲೆ ಚಹಾ ಚಮಚದಷ್ಟು ಅಂಟನ್ನು ರಬ್ಬರಿನ ಸ್ಪಾಂಜಿನ ನಡುವೆ ಸುರಿದು, ಕ್ಲಿಪ್ಪಿಗೆ ಸಿಕ್ಕಿಸಿದ ಸಣ್ಣ ಸ್ಪಾಂಜಿನ ತುಂಡಿನಿಂದ ಒಂದೇ ದಿಕ್ಕಿನಲ್ಲಿ ಎಳೆಯುತ್ತೇನೆ. ಅಂಚುಗಳಿಗೆ ಹೆಚ್ಚು ಗಮನ ಕೊಡಬೇಕು, ರಬ್ಬರು ಬಿಡಲು ಶುರುವಾಗುವುದು ಅಲ್ಲಿಂದಲೇ. ಒಮ್ಮೆ ಎಳೆದ ಜಾಗ ಅರೆ ಒಣಗಿದ ಮೇಲೆ ಮತ್ತೆ ಉಜ್ಜಿದರೆ ಹಲಸಿನ ಮೇಣದ ಹಾಗೆ ಸುರುಟಿಕೊಳ್ಳುತ್ತದೆ. ಬ್ಲೇಡಿಗೆ ಇನ್ನೂ ಕಡಿಮೆ ಅಂಟು ಸಾಕು.

ಒಣಗಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ನಾನು ನಿಮಿಷಗಳಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ಕೆಲಸದ ಮೇಲೆ ಎರಡು ವರ್ಷ ಕಲಬುರಗಿಯಲ್ಲಿದ್ದಾಗ ಏಪ್ರಿಲ್ ತಿಂಗಳಲ್ಲಿ ಸ್ಪಾಂಜಿನ ಆ ಅಂಚಿಗೆ ಮುಟ್ಟುವಷ್ಟರಲ್ಲಿ ಈ ಅಂಚು ಒಣಗುತ್ತಿತ್ತು. ಮಂಗಳೂರಿನ ಜುಲೈ ಮಳೆಯಲ್ಲಿ ಅದೇ ಅಂಟು ಒಂದು ಗಂಟೆ ಕಳೆದರೂ ಅಲ್ಲಲ್ಲಿ ಬೆಳ್ಳಗೇ ಇರುತ್ತದೆ. ನೋಡಬೇಕಾದದ್ದು ಬಣ್ಣವನ್ನು. ಹಾಲಿನ ಬಿಳುಪು ಎಲ್ಲೂ ಉಳಿಯದೆ ಪೂರ್ತಿ ಪಾರದರ್ಶಕವಾದ ಮೇಲೆ ಮಾತ್ರ ಎರಡು ಮುಖಗಳನ್ನು ಸೇರಿಸಬೇಕು. ಒಂದು ಮಳೆಗಾಲದಲ್ಲಿ ಮರುದಿನದ ಪಂದ್ಯದ ಅವಸರಕ್ಕೆ ಹೇರ್ ಡ್ರೈಯರ್ ಹಿಡಿದೆ. ಮೇಲೆ ಕೆನೆ ಕಟ್ಟಿತು, ಒಳಗೆ ಹಸಿ ಉಳಿಯಿತು. ಪಂದ್ಯದ ಮಧ್ಯೆ ಫೋರ್‌ಹ್ಯಾಂಡ್ ಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಗುಳ್ಳೆ ಎದ್ದು, ಅಲ್ಲಿ ಬಿದ್ದ ಚೆಂಡು ಸತ್ತಂತೆ ನೆಟ್ಟಿಗೆ ಬೀಳತೊಡಗಿತು. ಈಗ ಫ್ಯಾನಿನ ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇನೆ.

ಒಣಗಿದ ಎರಡು ಪದರಗಳು ಮುಟ್ಟಿದ ಕ್ಷಣವೇ ಕಚ್ಚಿಕೊಳ್ಳುವುದರಿಂದ ಸರಿಸಿ ಹೊಂದಿಸಲು ಅವಕಾಶವಿಲ್ಲ. ಒಕ್ಕೂಟದ ಮುದ್ರೆ ಇರುವ ಅಂಚನ್ನು ಹಿಡಿಯ ಬಳಿ ಕಾಣುವಂತೆ ನೇರವಾಗಿಟ್ಟು, ಅಲ್ಲಿಂದ ತುದಿಯ ಕಡೆಗೆ ಎಳೆಯದೆ ಬಿಡುತ್ತಾ ಹೋಗಬೇಕು. ಎಳೆದು ಅಂಟಿಸಿದ ರಬ್ಬರು ಕೆಲವು ದಿನಗಳಲ್ಲಿ ಕುಗ್ಗಿ ಅಂಚಿನ ಮರವನ್ನು ತೋರಿಸುತ್ತದೆ. ಮೇಲೆ ಲಟ್ಟಣಿಗೆಯನ್ನು ಹಗುರವಾಗಿ ಹಿಡಿಯಿಂದ ತುದಿಗೆ ಉರುಳಿಸುತ್ತೇನೆ. (ಚಪಾತಿಯ ಲಟ್ಟಣಿಗೆ ಬೇರೆ, ಇದು ಬೇರೆ, ಈ ವಿಷಯದಲ್ಲಿ ಮನೆಯಲ್ಲಿ ಒಮ್ಮೆ ದೊಡ್ಡ ಮಾತುಕತೆಯೇ ನಡೆದಿದೆ.) ನಂತರ ಬ್ಯಾಟನ್ನು ಬೋರಲಾಗಿ ಇಟ್ಟು, ಹೊಸ ಅಲಗು ಹಾಕಿದ ಕಟ್ಟರನ್ನು ಬ್ಲೇಡಿನ ಅಂಚಿಗೆ ಒರಗಿಸಿ ಒಂದೇ ಎಳೆತದಲ್ಲಿ ಕತ್ತರಿಸುತ್ತೇನೆ. ಮೊಂಡಾದ ಅಲಗು ಸ್ಪಾಂಜನ್ನು ಹರಿಯುತ್ತದೆ.

ಬಿಚ್ಚುವಾಗ ಹಿಡಿಯ ಪಕ್ಕದ ಮೂಲೆಯಿಂದ ಆರಂಭಿಸಿ, ರಬ್ಬರನ್ನು ಮೇಲಕ್ಕೆ ಎತ್ತದೆ ಅದರ ಮೇಲೆಯೇ ಹಿಂದಕ್ಕೆ ಮಡಚಿದಂತೆ ಓರೆಯಾಗಿ ಎಳೆಯುತ್ತೇನೆ. ಒಂದು ಬದಿಗೆ ಎರಡು ನಿಮಿಷವಾದರೂ ಹಿಡಿಯುತ್ತದೆ. ಬ್ಲೇಡಿನ ಮೇಲೆ ಉಳಿದ ಅಂಟು ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಸ್ಪಾಂಜಿನ ಮೇಲಿನ ಹಳೆಯ ಪದರ ಎಲ್ಲೂ ಹರಿಯದೆ ಸಮನಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಮೇಲೊಂದು ತೆಳುವಾದ ಪದರ ಎಳೆಯುತ್ತೇನೆ, ಏಕೆಂದರೆ ಪ್ರತಿ ಸಲ ಸುಲಿದಾಗಲೂ ಸ್ಪಾಂಜಿನ ಚೂರುಗಳು ಕಿತ್ತು ಬರುತ್ತವೆ. ಕಳೆದ ಜುಲೈಯಲ್ಲಿ ಅಂಟಿಸಿದ ಬ್ಯಾಕ್‌ಹ್ಯಾಂಡ್ ರಬ್ಬರು ತುದಿಯಲ್ಲಿ ಒಂದಿಷ್ಟು ಬಿಟ್ಟುಕೊಂಡಿತ್ತು. ಹಲ್ಲುಕಡ್ಡಿಯಿಂದ ಒಂದು ಹನಿ ಅಂಟನ್ನು ಒಳಗೆ ಸೇರಿಸಿ, ಅದು ಒಣಗುವವರೆಗೆ ಸಂದು ತೆರೆದಿರಲೆಂದು ಕಡ್ಡಿಯನ್ನು ಅಲ್ಲೇ ಸಿಕ್ಕಿಸಿಟ್ಟು, ಬಿಳುಪು ಹೋದ ಮೇಲೆ ತೆಗೆದು ಒತ್ತಿದೆ. ಆ ರಬ್ಬರಿನಲ್ಲೇ ಈಗಲೂ ಆಡುತ್ತಿದ್ದೇನೆ.